ಸ್ಟ್ಯಾನ್ ಸ್ವಾಮಿ ಸಾವನ್ನು ಬಲಿದಾನ ಅನ್ನಬೇಡಿ

ಫಾದರ್ ಸ್ಟ್ಯಾನ್ ಸ್ವಾಮಿ ಫೋಟೋಗೆ ಹಾರ ಹಾಕಿ, ಅವರದು ಯೇಸುವಿನಂಥ ಬಲಿದಾನ ಅಂತ ಭಾಷಣ ಮಾಡುವುದನ್ನು ವರದಿಗೆ ಹೋದಾಗ ನಾವೂ ಕೇಳಿದ್ದೇವೆ. ಆ ಮಾತಿಗೆ ನಮ್ಮ ತಕರಾರಿದೆ.

ಯಾರಿವರು ಅನ್ನುವವರಿಗೆ ಒಂದು ಮಾತು. ತಮಿಳುನಾಡಿನಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ. ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್‌ಗೆ ಹತ್ತು ವರ್ಷ ನಿರ್ದೇಶಕರಾಗಿದ್ದರು. ಆಮೇಲೆ ಜಾರ್ಖಂಡ್‌ಗೆ ಹೋಗಿ ಆದಿವಾಸಿಗಳ ಜಮೀನು ಹೋರಾಟಕ್ಕೆ ನಿಂತರು. ನಕ್ಸಲರೆಂಬ ಹಣೆಪಟ್ಟಿ ಹಚ್ಚಿ ಜೈಲಿಗೆ ಹಾಕಿದ ಆದಿವಾಸಿ ಹುಡುಗರ ಪರವಾಗಿ ಹೈಕೋರ್ಟಿಗೂ ಹೋದರು.

2020ರ ಅಕ್ಟೋಬರ್ 8ರಂದು ಎನ್‌ಐಎ ಅವರನ್ನೇ ಹಿಡಿಯಿತು. ಭೀಮಾ ಕೋರೆಗಾಂವ್ ಕೇಸು, ಯುಎಪಿಎ ಕಾಯ್ದೆ. ಆರೋಪವನ್ನು ಅವರು ಒಪ್ಪಲೇ ಇಲ್ಲ. ಆಗ ವಯಸ್ಸು 83, ಪಾರ್ಕಿನ್ಸನ್ ಕಾಯಿಲೆ, ಕೈ ನಡುಕ. ಲೋಟ ಹಿಡಿಯಲಾಗದೆ ಸ್ಟ್ರಾ, ಸಿಪ್ಪರ್ ಬೇಕೆಂದು ಕೋರ್ಟಿಗೆ ಅರ್ಜಿ ಹಾಕಿದರು. ಉತ್ತರ ಕೊಡಲು ಎನ್‌ಐಎ 20 ದಿನ ಕೇಳಿತು. ಒಂದು ಸ್ಟ್ರಾಗೆ! ನಮ್ಮೂರಲ್ಲಿ ಎಳನೀರಿನವನು ಪುಕ್ಕಟೆ ಕೊಡುತ್ತಾನೆ.

2021ರ ಮಾರ್ಚ್‌ನಲ್ಲಿ ಜಾಮೀನು ಸಿಗಲಿಲ್ಲ. ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟಿಗೆ ವಿಡಿಯೋದಲ್ಲಿ ಬಂದು, ಆಸ್ಪತ್ರೆ ಬೇಡ, ನನ್ನ ಜನರ ಹತ್ತಿರ ಬಿಡಿ ಅಂದರು. ಜುಲೈ 5ಕ್ಕೆ ಜಾಮೀನು ಅರ್ಜಿ ವಿಚಾರಣೆಗೆ ಬರುವುದಿತ್ತು. ಅವತ್ತು ಕೋರ್ಟಿಗೆ ಬಂದಿದ್ದು ಅವರ ಸಾವಿನ ಸುದ್ದಿ. ಕೇಸಿನ ವಿಚಾರಣೆ ಶುರುವೇ ಆಗಿರಲಿಲ್ಲ.

ದಾನ ಅಂದರೆ ಕೈಯಾರೆ ಕೊಡುವುದು. ಬದುಕನ್ನು ಅವರು ಕೊಟ್ಟರು, ಸರಿ. ಜೀವವನ್ನು ಕೊಟ್ಟರೇ? ಮನೆಗೆ ಬಿಡಿ ಎಂದು ಕೇಳುತ್ತಲೇ ಇದ್ದ ಮುದುಕರು ಅವರು. ಬಲಿದಾನ ಅಂದುಬಿಟ್ಟರೆ, ಬಿಡದವರನ್ನು ಯಾರೂ ಕೇಳುವಂತಿಲ್ಲ.

ಶಿಲುಬೆಯ ಕಥೆಯಲ್ಲಿ ಪಿಲಾತನೂ ಇದ್ದಾನೆ. ಇವನಲ್ಲಿ ತಪ್ಪು ಕಾಣಲಿಲ್ಲ ಅಂತ ಹೇಳಿ, ಕೈ ತೊಳೆದು, ಶಿಲುಬೆಗೆ ಒಪ್ಪಿಸಿದ ಅಧಿಕಾರಿ. ಚರ್ಚಿನಲ್ಲಿ ಹೇಳುವ ವಿಶ್ವಾಸಪ್ರಮಾಣದಲ್ಲಿ ಇವತ್ತಿಗೂ ಅವನ ಹೆಸರಿದೆ, ಕ್ರೈಸ್ತರು ಅದನ್ನು ಬಿಟ್ಟಿಲ್ಲ. ನಮ್ಮ ಸ್ಮರಣೆ ಸಭೆಗಳಲ್ಲಿ ಮಾತ್ರ ಹೂವು, ಮೇಣದಬತ್ತಿ ಇರುತ್ತದೆ, ಜಾಮೀನಿನ ಸುದ್ದಿ ಇರುವುದಿಲ್ಲ.

ವಿಮೋಚನೆಗೆ ನಮ್ಮ ಆಡುಮಾತಿನಲ್ಲಿ ಬಿಡುಗಡೆ ಅನ್ನುತ್ತೇವೆ. ಜಾಮೀನು ಆದೇಶ ಆಗಿಯೂ, ಪಹಣಿ ಇರುವ ಒಬ್ಬ ಶ್ಯೂರಿಟಿ ಸಿಗದೆ ಜೈಲಲ್ಲೇ ಕೂತ ಬಡವರು ನಮ್ಮ ಕಡೆಯೂ ಇದ್ದಾರೆ. ಮುಂದಿನ ಜುಲೈ 5ಕ್ಕೆ ಹಾರ ತರುವವರು, ಪಹಣಿಯನ್ನೂ ತನ್ನಿ.