ಮನೆವಾರ್ತೆ: ಹೊಸ ಗಾಡಿಯೂ ಅದರ ಗೇರೂ

ಮೋಟಾರು ಗಾಡಿ ಕೊಳ್ಳುವುದೆಂದರೆ ಮದುವೆಯ ಸಂಬಂಧ ನೋಡಿದಷ್ಟೇ ವಿಚಾರ ಮಾಡುವ ಮನೆಗಳು ನಮ್ಮಲ್ಲಿ ಬಹಳ. ಬಣ್ಣ ನೋಡುತ್ತೇವೆ, ಸೀಟು ಎಣಿಸುತ್ತೇವೆ, ಲೀಟರಿಗೆ ಎಷ್ಟು ಓಡುತ್ತದೆಂದು ನಾಲ್ಕು ಜನರನ್ನು ಕೇಳುತ್ತೇವೆ, ಮುಹೂರ್ತ ಹಿಡಿದು ಮನೆಗೆ ತರುತ್ತೇವೆ. ಆದರೆ ಇಂಜಿನ್ನಿಗೂ ಗಾಲಿಗೂ ನಡುವೆ ಕುಳಿತು ಸಂಸಾರವನ್ನೆಲ್ಲ ತೂಗಿಸುವ ಗೇರು ಪೆಟ್ಟಿಗೆಯ ಯೋಗಕ್ಷೇಮವನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಅದು ಮನೆಯ ಹಿರಿಯ ಸೊಸೆಯ ಹಾಗೆ. ದುಡಿಯುವಷ್ಟು ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ದಿನ ಮಲಗಿತೆಂದರೆ ಮನೆಯೇ ನಿಂತುಹೋಗುತ್ತದೆ.

ಸಂಘದ ಸಮಾರಂಭಗಳಲ್ಲಿ ಕೂಡಿದಾಗ ಈಚೆಗೆ ಏಳು ಸೀಟಿನ ಗಾಡಿಗಳ ಮಾತೇ ಹೆಚ್ಚು. ಅಜ್ಜ, ಅಜ್ಜಿ, ಮೊಮ್ಮಕ್ಕಳು, ಅಕ್ಕಿಯ ಚೀಲ, ಉಪ್ಪಿನಕಾಯಿಯ ಭರಣಿ, ಎಲ್ಲವನ್ನೂ ತುಂಬಿಕೊಂಡು ಮುಂಬಯಿಯಿಂದ ಊರಿಗೆ ಹೋಗಿಬರುವವರಿಗೆ ಅದಕ್ಕಿಂತ ಅನುಕೂಲವಾದದ್ದು ಬೇರೆ ಇಲ್ಲ. ನಮ್ಮ ಮನೆಗೂ ಹೋದ ವರ್ಷ ಅಂಥದೊಂದು ಬಂತು. ಬಂದ ತಿಂಗಳೊಳಗೇ ಅದರ ಗೇರು ಮುನಿಸಿಕೊಂಡಿತು. ಆ ಅನುಭವದಿಂದ ಕಲಿತದ್ದನ್ನು ಈ ಸಲದ ಮನೆವಾರ್ತೆಯಲ್ಲಿ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ. ನಮಗಾದ ತೊಂದರೆ ಇನ್ನೊಬ್ಬರಿಗೆ ಆಗದಿದ್ದರೆ ಅಷ್ಟೇ ಸಾಕು.

ಮೊದಲು ಗೇರಿನ ಜಾತಿಗಳನ್ನು ತಿಳಿದುಕೊಳ್ಳೋಣ. ಮುಂಬಯಿಯ ಹಳೆಯ ಕಾಳಿ-ಪೀಲಿ ಪದ್ಮಿನಿ ಟ್ಯಾಕ್ಸಿಗಳನ್ನು ಹತ್ತಿದವರಿಗೆ ಸ್ಟಿಯರಿಂಗಿನ ಪಕ್ಕದಲ್ಲಿದ್ದ ಗೇರುಕೋಲು ನೆನಪಿರಬಹುದು. ಆ ಟ್ಯಾಕ್ಸಿಗಳ ಕಾಲ 2023ರ ಅಕ್ಟೋಬರಿಗೆ ಮುಗಿಯಿತು. ಎಡಗಾಲಿನಿಂದ ಕ್ಲಚ್ಚು ಒತ್ತಿ ಕೈಯಿಂದ ಗೇರು ಬದಲಿಸುವ ಪದ್ಧತಿ ಅದು. ಈಗಲೂ ಎಷ್ಟೋ ಗಾಡಿಗಳಲ್ಲಿ ಇದೆ. ಅದೇ ಪೆಟ್ಟಿಗೆಗೆ ಯಂತ್ರದ ಕೈಕಾಲು ಜೋಡಿಸಿದರೆ ಎಎಂಟಿ ಎನ್ನುತ್ತಾರೆ. ನಮ್ಮ ದೇಶದ ಸಾಮಾನ್ಯರ ಕಾರಿಗೆ ಅದು 2014ರಲ್ಲಿ ಬಂತು. ಎರಡು ಕ್ಲಚ್ಚುಗಳ ಡಿಸಿಟಿ ಒಂದು ಜಾತಿ, ಪಟ್ಟಿಯ ಮೇಲೆ ನಡೆಯುವ ಸಿವಿಟಿ ಇನ್ನೊಂದು. ಇವೆಲ್ಲಕ್ಕೂ ಹಿರಿಯದು ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್. ನಮ್ಮ ಗಾಡಿಯದು ಈ ಕೊನೆಯ ಜಾತಿ.

ಅದರ ಮರ್ಮವನ್ನು ಹೀಗೆ ತಿಳಿಯಬಹುದು. ಎರಡು ಫ್ಯಾನುಗಳನ್ನು ಎದುರುಬದುರಾಗಿ ಇಟ್ಟು ಒಂದನ್ನು ಮಾತ್ರ ತಿರುಗಿಸಿರಿ. ಅದರ ಗಾಳಿಗೆ ಎರಡನೆಯದೂ ಮೆಲ್ಲಗೆ ತಿರುಗತೊಡಗುತ್ತದೆ. ಇಲ್ಲಿ ಗಾಳಿಯ ಜಾಗದಲ್ಲಿ ಎಣ್ಣೆ. ಇಂಜಿನ್ನು ಒಂದು ಚಕ್ರವನ್ನು ತಿರುಗಿಸುತ್ತದೆ, ಅದು ಚಿಮ್ಮಿಸಿದ ಎಣ್ಣೆ ಇನ್ನೊಂದು ಚಕ್ರವನ್ನು ತಿರುಗಿಸುತ್ತದೆ, ಅಲ್ಲಿಂದ ಶಕ್ತಿ ಗಾಲಿಗೆ ಹೋಗುತ್ತದೆ. ಒಂದನೆಯ ಗೇರು, ಎರಡನೆಯ ಗೇರು ಎಂದು ಬದಲಾಗುವುದೂ ಎಣ್ಣೆಯ ಒತ್ತಡದಿಂದಲೇ. ಆ ಒತ್ತಡವೇ ಒಳಗಿನ ಕ್ಲಚ್ಚು ಬಿಲ್ಲೆಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಪೆಟ್ಟಿಗೆಯನ್ನು ತಂಪಾಗಿಡುವುದೂ ಅದೇ ಎಣ್ಣೆ. ಕೈಗೇರಿನ ಪೆಟ್ಟಿಗೆಯಲ್ಲಿ ಎಣ್ಣೆ ಹಲ್ಲುಗಳು ಸವೆಯದಂತೆ ನೋಡಿಕೊಳ್ಳುವ ಆಳು; ಇಲ್ಲಿ ಅದೇ ಯಜಮಾನ. ಯಜಮಾನ ಇಲ್ಲದ ಮನೆಯ ಗತಿ ಏನೆಂದು ಹೇಳಬೇಕೆ?

ಈಗ ನಡೆದ ಸಂಗತಿ. ಗಾಡಿ ಬಂದ ಎರಡನೆಯ ವಾರದಲ್ಲಿಯೇ ಒಂದು ಲಕ್ಷಣ ಕಂಡಿತು. ಬೆಳಿಗ್ಗೆ ಗೇರನ್ನು 'ಡಿ'ಗೆ ತಂದರೆ ಒಂದೆರಡು ಕ್ಷಣ ಏನೂ ಆಗುತ್ತಿರಲಿಲ್ಲ. ಆಮೇಲೆ ಯಾರೋ ಹಿಂದಿನಿಂದ ನೂಕಿದಂತೆ ಜಗ್ಗಿ ಹೊರಡುತ್ತಿತ್ತು. ಯಜಮಾನರು ಅದೇ ವಾರ ಮಾರಿದವರ ವರ್ಕ್‌ಶಾಪಿಗೆ ಒಯ್ದರು. ಅಲ್ಲಿಯವರು ಒಂದು ಸುತ್ತು ಓಡಿಸಿ, "ಸಾಹೇಬರೇ, ಗಾಡಿ ಹೊಸದು, ಗೇರು ಇನ್ನೂ ನಿಮ್ಮ ಕೈ ಕಲಿಯುತ್ತಿದೆ" ಎಂದು ನಗುತ್ತ ಹೇಳಿ, ಕಾಗದದ ಮೇಲೆ 'ನೋಡಲಾಗಿದೆ, ಸರಿಯಾಗಿದೆ' ಎಂದು ಬರೆದುಕೊಟ್ಟರು. ಈಗಿನ ಗೇರುಗಳು ಓಡಿಸುವವರ ರೀತಿಯನ್ನು ಕಲಿಯುತ್ತವೆಂಬುದು ಸುಳ್ಳಲ್ಲ. ಆದರೆ ಕಲಿಯುವ ಮಗು ದಿನದಿನಕ್ಕೆ ಜಾಣನಾಗಬೇಕಷ್ಟೆ? ನಮ್ಮದು ದಡ್ಡನಾಗುತ್ತ ನಡೆಯಿತು. ಊರಿಗೆ ಹೋಗುವ ಮುನ್ನ ಇನ್ನೊಮ್ಮೆ ಕೇಳಿದಾಗಲೂ, ಧೈರ್ಯವಾಗಿ ಹೋಗಿಬನ್ನಿ ಎಂದರು.

ಗಣೇಶನ ಹಬ್ಬಕ್ಕೆ ಧಾರವಾಡಕ್ಕೆ ಹೊರಟೆವು. ಖಂಡಾಳದ ಏರಿನಲ್ಲಿ ಎರಡು ಸಲ ಜಗ್ಗಿತು. ಪುಣೆ ದಾಟಿ ಖಂಬಾಟಕಿ ಘಾಟ ಏರುವಾಗ ಇಂಜಿನ್ನಿನ ಮುಳ್ಳು ನಾಲ್ಕು ಸಾವಿರಕ್ಕೆ ಏರಿತು, ಸದ್ದು ಹೆಚ್ಚಿತು, ಗಾಡಿ ಮಾತ್ರ ಎತ್ತಿನ ಬಂಡಿಯ ನಡಿಗೆಗೆ ಇಳಿಯಿತು. ಹಿಂದಿನಿಂದ ಲಾರಿಗಳ ಹಾರ್ನು, ಒಳಗೆ ಎಣ್ಣೆ ಸುಟ್ಟ ವಾಸನೆ. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು, ನಡುವಿನ ಸೀಟಿನಲ್ಲಿ ಎಪ್ಪತ್ತೆಂಟರ ಅತ್ತೆಯವರು. ಆಗಿನ ಎದೆಬಡಿತವನ್ನು ನಾವು ಬೇಗನೆ ಮರೆಯಲಾರೆವು. ಯಜಮಾನರು ರಸ್ತೆಯ ಅಗಲವಾದ ಅಂಚಿಗೆ ತಂದು ನಿಲ್ಲಿಸಿ, ಎಲ್ಲರನ್ನೂ ಕೆಳಗಿಳಿಸಿ ತಡೆಗೋಡೆಯ ಆಚೆ ನಿಲ್ಲಿಸಿದರು. ಅತ್ತೆಯವರು ಸೆರಗಿನಿಂದ ಮುಖ ಒರೆಸಿಕೊಂಡು, "ನೋಡವಾ, ಹೊಸಾ ಗಾಡಿ ಅಂತ ತಂದ್ರಿ. ಘಾಟ ಏರೂದ್ರಾಗ ನನಗಿಂತ ಮದ್ಲ ಇದಕ್ಕ ದಮ್ಮು ಹತ್ತೇತಿ!" ಎಂದರು. ಆ ಮಾತಿಗೆ ಮಕ್ಕಳು ನಕ್ಕವು, ನಮಗೂ ಸ್ವಲ್ಪ ಉಸಿರು ಬಂತು.

ಮತ್ತೆ ಓಡಿಸುವ ಸಾಹಸ ಮಾಡಲಿಲ್ಲ. ದಾರಿಯ ಸಹಾಯದ ನಂಬರಿಗೆ ಫೋನು ಮಾಡಿದೆವು. ಚಪ್ಪಟೆ ಲಾರಿಯ ಮೇಲೆ ಗಾಡಿಯನ್ನು ಏರಿಸಿ ಒಯ್ದರು. ಇದನ್ನು ಓದುಗರು ಗಟ್ಟಿಯಾಗಿ ನೆನಪಿಡತಕ್ಕದ್ದು: ಆಟೋಮ್ಯಾಟಿಕ್ ಗಾಡಿಯ ಓಡುವ ಗಾಲಿಗಳನ್ನು ನೆಲದ ಮೇಲೆ ಬಿಟ್ಟು ಹಗ್ಗ ಕಟ್ಟಿ ಎಳೆಯಬಾರದು. ಇಂಜಿನ್ನು ನಿಂತಾಗ ಎಣ್ಣೆಯ ಪಂಪೂ ನಿಂತಿರುತ್ತದೆ. ಎಣ್ಣೆಯಿಲ್ಲದೆ ತಿರುಗಿದ ಪೆಟ್ಟಿಗೆ ಇನ್ನಷ್ಟು ಕೆಡುತ್ತದೆ. ನಾವೆಲ್ಲ ಸಾತಾರೆಯಿಂದ ಹುಬ್ಬಳ್ಳಿಯ ಬಸ್ಸು ಹಿಡಿದು ಹೋಗಿ, ಗಣಪತಿಯ ಮುಂದೆ ಒಂದು ದಿನ ತಡವಾಗಿ ಕೈಮುಗಿದೆವು.

ಗಾಡಿಯನ್ನು ಎತ್ತಿ ನೋಡಿದಾಗ ಕಾರಣ ಸಿಕ್ಕಿತು. ಗೇರಿನ ಎಣ್ಣೆಯನ್ನು ತಂಪು ಮಾಡುವ ಕೂಲರಿಗೆ ಹೋಗುವ ಕೊಳವೆಯ ಜೋಡಣೆ ಕಾರಖಾನೆಯಿಂದಲೇ ಸಡಿಲವಾಗಿತ್ತು. ಅಲ್ಲಿಂದ ಎಣ್ಣೆ ಹನಿಹನಿಯಾಗಿ ಸೋರಿ, ತಳದ ತಗಡಿನ ಮೇಲೆ ಕೂಡಿದ್ದರಿಂದ ನೆಲದ ಮೇಲೆ ಕಲೆಯೂ ಬಿದ್ದಿರಲಿಲ್ಲ. ಈಗಿನ ಪೆಟ್ಟಿಗೆಗಳಲ್ಲಿ ಹಲವಕ್ಕೆ ಎಣ್ಣೆ ಅಳೆಯುವ ಕಡ್ಡಿಯೇ ಇರುವುದಿಲ್ಲ; ಎಣ್ಣೆಯನ್ನು ಗೊತ್ತಾದ ಬಿಸಿಗೆ ತಂದು ತಳದ ತಿರುಪು ಬಿಚ್ಚಿಯೇ ನೋಡಬೇಕು. ಸಪಾಟು ರಸ್ತೆಯಲ್ಲಿ ಉಳಿದ ಎಣ್ಣೆಯಿಂದ ಹೇಗೋ ನಡೆದಿತ್ತು. ಏರಿನಲ್ಲಿ ಎಣ್ಣೆ ಹಿಂದಕ್ಕೆ ಸರಿದು ಪಂಪು ಗಾಳಿ ಹೀರಿತು, ಒತ್ತಡ ಇಳಿಯಿತು, ಬಿಲ್ಲೆಗಳ ಹಿಡಿತ ತಪ್ಪಿತು.

ನಿಜವಾದ ಜಗಳ ಇಲ್ಲಿಂದ ಮುಂದೆ. ವರ್ಕ್‌ಶಾಪಿನವರು, ಕೊಳವೆ ಬದಲಿಸಿ ಎಣ್ಣೆ ತುಂಬಿಸಿ ಕೊಡುತ್ತೇವೆ, ಎಲ್ಲಾ ವಾರಂಟಿಯಲ್ಲೇ, ಒಂದು ಪೈಸೆ ಬೇಡ ಎಂದರು. ಕೇಳಲು ಸಿಹಿಯಾದ ಮಾತು. ಆದರೆ ಕೆಳಗಿಳಿಸಿದ ಎಣ್ಣೆಯನ್ನು ನಾವು ಬಾಟಲಿಯಲ್ಲಿ ಹಿಡಿದು ನೋಡಿದೆವು. ಹೊಸದಾಗಿ ತುಂಬಲಿದ್ದ ಎಣ್ಣೆ ದಾಳಿಂಬೆಯ ರಸದಂತೆ ಕೆಂಪಗಿತ್ತು. ಇದು ಕಾಫಿಯ ಕಷಾಯದಂತೆ ಕಂದು, ಮೂಗಿಗೆ ಹಿಡಿದರೆ ಸುಟ್ಟ ವಾಸನೆ. ಹಿಡಿತ ತಪ್ಪಿದ ಬಿಲ್ಲೆಗಳು ಒಂದಕ್ಕೊಂದು ಉಜ್ಜಿ ಸುಟ್ಟಿವೆಯೆಂದೇ ಇದರ ಅರ್ಥ. ಅಂಥ ಪೆಟ್ಟಿಗೆಗೆ ಹೊಸ ಎಣ್ಣೆ ಹಾಕುವುದು ಹುಳುಕು ಹಲ್ಲಿಗೆ ಸುಣ್ಣ ಬಳಿದಂತೆ. ವಾರಂಟಿ ಮುಗಿದ ಮರುವರ್ಷ ಅದು ಮಲಗಿದರೆ ಲಕ್ಷದ ಮೇಲಿನ ಖರ್ಚು ನಮ್ಮ ತಲೆಗೆ.

ಆದ್ದರಿಂದ ಬಾಯಿಮಾತು ಬಿಟ್ಟು ಕಾಗದ ಹಿಡಿದೆವು. ಮಾರಿದವರಿಗೂ ತಯಾರಿಸಿದವರಿಗೂ ಒಂದೇ ಪತ್ರ. ಯಾವ ದಿನ, ಎಷ್ಟು ಕಿಲೋಮೀಟರಿಗೆ ಏನು ಕಂಡಿತು. ಎಂದೆಂದು ವರ್ಕ್‌ಶಾಪಿಗೆ ಒಯ್ದೆವು, ಅವರು ಏನು ಬರೆದುಕೊಟ್ಟರು. ಎಣ್ಣೆಯ ಬಣ್ಣದ ಫೋಟೋ. ನಮಗೆ ಏನು ಬೇಕು. ಇಷ್ಟೇ. ಬೈಗುಳ ಒಂದೂ ಇಲ್ಲ. ಮೊದಲ ಸಲದ 'ಸರಿಯಾಗಿದೆ' ಎಂಬ ಕಾಗದವೇ ನಮ್ಮ ಕೈಯ ಅಸ್ತ್ರವಾಯಿತು. ಮೂರು ವಾರ ಕಳೆದು, ನಾಲ್ಕು ಸಲ ಫೋನಾಡಿದ ಮೇಲೆ ಇಡೀ ಗೇರು ಪೆಟ್ಟಿಗೆಯನ್ನು ಬದಲಿಸಿ ಕೊಟ್ಟರು.

ಹೊಸ ಗಾಡಿಯನ್ನೇ ಕೇಳಬಾರದಿತ್ತೇ ಎಂದು ಹಲವರು ನಮ್ಮನ್ನು ಕೇಳಿದ್ದುಂಟು. 2006ರಲ್ಲಿ ಸುಪ್ರೀಂ ಕೋರ್ಟು ಕಾರೊಂದರ ಕ್ಲಚ್ಚಿನ ದೋಷದ ಮೊಕದ್ದಮೆಯಲ್ಲಿ, ವಾರಂಟಿಯ ಮಾತಿನಂತೆ ಕೆಟ್ಟ ಭಾಗವನ್ನು ಸರಿಪಡಿಸುವುದು ಇಲ್ಲವೆ ಬದಲಿಸುವುದು ತಯಾರಕರ ಹೊಣೆ, ಇಡೀ ಕಾರನ್ನು ಬದಲಿಸುವುದಲ್ಲ ಎಂದು ಹೇಳಿದೆ. ಆದಕಾರಣ ಪೆಟ್ಟಿಗೆಯನ್ನು ಕೇಳಿದ್ದೇ ನಮ್ಮ ಹಿತಕ್ಕೆ ಸರಿಯಾಯಿತು.

ಮಾತಿಗೆ ಬಗ್ಗದವರಿದ್ದರೆ ಕಾನೂನಿನ ದಾರಿ ಇದೆ. ಗ್ರಾಹಕರ ಸಹಾಯವಾಣಿಯ ನಂಬರು 1915. ಅಲ್ಲಿಯೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲೆಯಲ್ಲೇ ವಿಚಾರಣೆ. ಪರಊರಿನಲ್ಲಿರುವ ನಮ್ಮಂಥವರಿಗೆ ಉಪಯೋಗದ ಸಂಗತಿಯೆಂದರೆ, ಗಾಡಿ ಎಲ್ಲಿ ಕೊಂಡಿದ್ದರೂ ತಾವು ವಾಸವಿರುವ ಊರಿನಲ್ಲೇ ದೂರು ಹಾಕಬಹುದು. ಅವಧಿ ಎರಡು ವರ್ಷ. ದೋಷವನ್ನು ಪರೀಕ್ಷಿಸದೆ ನಿರ್ಣಯಿಸಲಾಗದು ಎಂದು ಕಂಡರೆ ಆಯೋಗವೇ ತಕ್ಕ ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರವನ್ನು ಕಾಯಿದೆ ಕೊಟ್ಟಿದೆ.

ಇನ್ನು ಓದುಗರಿಗೆ ನಾಲ್ಕು ಹಿತದ ಮಾತು.

ಒಂದು, ವರ್ಕ್‌ಶಾಪಿಗೆ ಒಯ್ದಾಗ ದೂರನ್ನು ನಿಮ್ಮ ಮಾತಿನಲ್ಲೇ ಜಾಬ್ ಕಾರ್ಡಿನ ಮೇಲೆ ಬರೆಸಿರಿ. ಪ್ರತಿ ಇಲ್ಲದೆ ಹಿಂದಿರುಗಬೇಡಿರಿ. ದೋಷ ಕಾಣುವ ಹೊತ್ತಿನಲ್ಲೇ, ಅಂದರೆ ಬೆಳಗಿನ ತಂಪಿನಲ್ಲೋ ಏರಿನಲ್ಲೋ, ಅವರ ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ ತೋರಿಸಿರಿ.

ಎರಡು, ಇಂಜಿನ್ನಿನ ಸದ್ದು ಏರಿ ವೇಗ ಏರದಿದ್ದರೆ, ಗೇರು ಹಾಕಿದ ಮೇಲೆ ತಡವಾಗಿ ಜಗ್ಗಿದರೆ, ಸುಟ್ಟ ವಾಸನೆ ಬಂದರೆ, ನಾಳೆ ನೋಡೋಣ ಎನ್ನಬೇಡಿರಿ.

ಮೂರು, ಎಣ್ಣೆ ತುಂಬುವಾಗ ಗಾಡಿಯ ಪುಸ್ತಕದಲ್ಲಿ ಹೇಳಿದ ಜಾತಿಯ ಎಣ್ಣೆಯೇ ಆಗಬೇಕು. ಬದಲಿಸಿಕೊಟ್ಟ ಭಾಗಕ್ಕೆ ವಾರಂಟಿ ಎಲ್ಲಿಯವರೆಗೆ ಎಂದು ಬರೆಸಿಕೊಳ್ಳಿರಿ. ಸಾಮಾನ್ಯವಾಗಿ ಮೂಲ ವಾರಂಟಿಯ ಉಳಿದ ದಿನಗಳಷ್ಟೇ ಇರುತ್ತದೆ.

ನಾಲ್ಕು, ಘಾಟಿನ ಏರಿನಲ್ಲಿ ನಿಂತಾಗ ಗಾಡಿಯನ್ನು ಆಕ್ಸಿಲರೇಟರಿನಿಂದ ಹಿಡಿದು ನಿಲ್ಲಿಸದೆ ಬ್ರೇಕಿನಿಂದ ನಿಲ್ಲಿಸಿರಿ. ಡಿಸಿಟಿ, ಎಎಂಟಿ ಗಾಡಿಗಳವರಿಗೆ ಇದು ಇನ್ನೂ ಮುಖ್ಯ. ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ತಂದು ಇಳಿಸಿರಿ, ಬ್ರೇಕು ಕಾಯುವುದಿಲ್ಲ.

ಯಂತ್ರಕ್ಕೆ ಬಾಯಿಲ್ಲ, ಆದರೆ ಅದು ಜಗ್ಗಿ, ಸದ್ದು ಮಾಡಿ, ವಾಸನೆ ಬಿಟ್ಟು ತನ್ನ ನೋವನ್ನು ಹೇಳಿಯೇ ಹೇಳುತ್ತದೆ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಓಡಿಸುವವರು ಅದಕ್ಕೆ ಕಿವಿಗೊಡಬೇಕು. "ಏನೂ ಇಲ್ಲ, ಹೋಗಿಬನ್ನಿ" ಎನ್ನುವವರು ನಮ್ಮೊಡನೆ ಘಾಟ ಏರಲು ಬರುವುದಿಲ್ಲ. ಈ ಹಬ್ಬದ ದಿನಗಳಲ್ಲಿ ಊರಿಗೆ ಹೊರಟಿರುವ ಎಲ್ಲ ಬಂಧುಗಳ ಪ್ರಯಾಣವೂ ಸುಖಕರವಾಗಲಿ.