ಹಳೆ ವಾಷಿಂಗ್ ಮಷಿನ್, ಬಾಯಿಮಾತಿನ ಗ್ಯಾರಂಟಿ

ಬೇಸಿಗೆ ರಜೆ ಬಂತೆಂದರೆ ಮನೆ ಬದಲಾಯಿಸುವವರ ಸಂಖ್ಯೆ ಹೆಚ್ಚುತ್ತದೆ. ಕೆಲವರಿಗೆ ವರ್ಗಾವಣೆ, ಕೆಲವರಿಗೆ ಮಕ್ಕಳ ಶಾಲೆಯ ಚಿಂತೆ, ಇನ್ನು ಕೆಲವರಿಗೆ ವಿದೇಶದ ಕೆಲಸ. ಹೋಗುವವರು ವಾಷಿಂಗ್ ಮಷಿನ್, ಫ್ರಿಜ್, ಮಂಚ ಎಲ್ಲವನ್ನೂ ಬಂದಷ್ಟಕ್ಕೆ ಮಾರುತ್ತಾರೆ. ಹೊಸದಾಗಿ ಸಂಸಾರ ಹೂಡುವವರು, ಪಿಜಿ ಬಿಟ್ಟು ಬಾಡಿಗೆ ಮನೆ ಹಿಡಿದ ಹುಡುಗಿಯರು, ತಿಂಗಳ ಖರ್ಚಿನಲ್ಲಿ ಅಷ್ಟಿಷ್ಟು ಉಳಿಸಿಟ್ಟ ಗೃಹಿಣಿಯರು ಅದನ್ನು ಕೊಳ್ಳುತ್ತಾರೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಚೆನ್ನಾಗಿರುವ ಯಂತ್ರ ಗುಜರಿಗೆ ಹೋಗುವ ಬದಲು ಇನ್ನೊಂದು ಮನೆಯಲ್ಲಿ ನಾಲ್ಕು ವರ್ಷ ಬಟ್ಟೆ ಒಗೆದರೆ ಎಲ್ಲರಿಗೂ ಒಳ್ಳೆಯದೇ.

ತೊಂದರೆ ಇರುವುದು ಬೇರೆ ಕಡೆ. ಒಂದು ಸೀರೆ ಕೊಳ್ಳುವಾಗ ಬಣ್ಣ ಬಿಡುತ್ತಾ, ಅಂಚು ಸರಿಯಾಗಿದೆಯಾ ಅಂತ ಹತ್ತು ಸಲ ಕೇಳುವ ನಾವು, ಎಂಟು ಹತ್ತು ಸಾವಿರದ ಹಳೆ ಮಷಿನ್ ಕೊಳ್ಳುವಾಗ ಮಾತ್ರ ಯಾಕೋ ಬಾಯಿ ಕಟ್ಟಿದವರಂತೆ ನಿಲ್ಲುತ್ತೇವೆ. "ಬಿಲ್ ಕೇಳಿದರೆ ಏನಂದುಕೊಳ್ತಾರೋ", "ಪರಿಚಯದವರು, ಬರೆದುಕೊಡಿ ಅನ್ನೋದು ಹೇಗೆ" ಎಂಬ ಸಂಕೋಚ. ಅಂಗಡಿಯವರು "ಅಕ್ಕಾ, ನಾನಿದ್ದೀನಲ್ಲ, ಏನಾದ್ರೂ ಆದ್ರೆ ಒಂದು ಫೋನ್ ಮಾಡಿ ಸಾಕು" ಅಂದುಬಿಟ್ಟರೆ ನಾವು ಪರ್ಸ್ ಬಿಚ್ಚಿಯೇ ಬಿಡುತ್ತೇವೆ.

ನಮ್ಮ ಬೀದಿಯ ಗೃಹಿಣಿಯೊಬ್ಬರು ಹೀಗೇ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಏಳೂವರೆ ಸಾವಿರ ಕೊಟ್ಟು ಮಷಿನ್ ತಂದರು. "ಆರು ತಿಂಗಳು ಗ್ಯಾರಂಟಿ" ಎಂದಿದ್ದರಂತೆ. ಮೂರನೇ ವಾರಕ್ಕೇ ಅದು ಅರ್ಧಕ್ಕೆ ನಿಲ್ಲತೊಡಗಿತು. ಫೋನ್ ಮಾಡಿದರೆ, "ಮೇಡಂ, ಗ್ಯಾರಂಟಿ ಮೋಟಾರ್‌ಗೆ ಮಾತ್ರ. ನಿಮ್ಮದು ಹೋಗಿರೋದು ಬೋರ್ಡು" ಎಂಬ ಉತ್ತರ. ಅಂಗಡಿಯವರು ಸುಳ್ಳು ಹೇಳಿದರೋ, ಇವರು ತಪ್ಪು ಕೇಳಿಸಿಕೊಂಡರೋ ಹೇಳುವವರು ಯಾರು? ಚೀಟಿ ಇರಲಿಲ್ಲ. ಬೋರ್ಡ್ ರಿಪೇರಿಗೆ ಮತ್ತೆ ಮೂರು ಸಾವಿರ ಹೋಯಿತು. ಅಲ್ಲಿಯವರೆಗೆ ಇಡೀ ಮನೆಯ ಬಟ್ಟೆಯನ್ನು ಕೈಯಲ್ಲಿ ಒಗೆದವರೂ ಅವರೇ, "ನೀನೇ ಆರಿಸಿದ್ದಲ್ವಾ" ಎಂಬ ಮಾತು ಕೇಳಿದವರೂ ಅವರೇ.

ಮಾತು ಆಡಿದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಹಳೆ ವಸ್ತುವಿನ ವ್ಯವಹಾರದಲ್ಲಿ ಬಾಯಿಮಾತಿನ ಗ್ಯಾರಂಟಿಗೆ ಬೆಲೆಯಿಲ್ಲ. ಹಣ ಕೈಬಿಡುವ ಮೊದಲು ಒಂದು ಚೀಟಿ ಬರೆಸಿಕೊಳ್ಳುವುದು ಅಪನಂಬಿಕೆಯಲ್ಲ, ವ್ಯವಹಾರದ ಮರ್ಯಾದೆ.

ಯಾರಿಂದ ಕೊಳ್ಳುತ್ತಿದ್ದೀರಿ?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಯಾಕೆಂದರೆ ನಿಮ್ಮ ಹಕ್ಕು ಇದರ ಮೇಲೆ ನಿಂತಿದೆ.

ಪಕ್ಕದ ಮನೆಯವರೋ, ಆಫೀಸಿನ ಸಹೋದ್ಯೋಗಿಯೋ ತಮ್ಮ ಸ್ವಂತ ಮಷಿನ್ ಮಾರಿದರೆ ಅವರು ವ್ಯಾಪಾರಿಗಳಲ್ಲ. ಮುಂದೆ ಅದು ಕೆಟ್ಟರೆ ಅವರ ಮೇಲೆ ಗ್ರಾಹಕರ ಆಯೋಗಕ್ಕೆ ಹೋಗುವುದು ಕಷ್ಟ. ಸಿವಿಲ್ ಕೋರ್ಟಿನ ದಾರಿ ಇದ್ದರೂ ಏಳೆಂಟು ಸಾವಿರಕ್ಕೆ ಯಾರು ಅಲೆಯುತ್ತಾರೆ? ಹಾಗಾಗಿ ಇಂಥ ಕಡೆ ನಿಮ್ಮ ಕಣ್ಣೇ ನಿಮ್ಮ ವಾರಂಟಿ. ಚೆನ್ನಾಗಿ ಓಡಿಸಿ ನೋಡಿ, ಮೂಲ ಬಿಲ್ ಮತ್ತು ವಾರಂಟಿ ಕಾರ್ಡ್ ಕೇಳಿ ತೆಗೆದುಕೊಳ್ಳಿ.

ಹಳೆ ಸಾಮಾನು ಮಾರುವುದನ್ನೇ ಕಸುಬು ಮಾಡಿಕೊಂಡ ಅಂಗಡಿಯವರ ವಿಷಯ ಬೇರೆ. ಮಾಲು ಹಳೆಯದಾದರೂ ಅವರು ವ್ಯಾಪಾರಿಗಳೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವರಿಗೂ ಅನ್ವಯಿಸುತ್ತದೆ. ಬಿಲ್ ಕೊಡದಿರುವುದು ಈ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ. ಹಳೆಯದನ್ನೋ, ರಿಪೇರಿ ಮಾಡಿದ್ದನ್ನೋ ಹೊಸದೆಂದು ಮಾರುವುದೂ ಅಷ್ಟೇ.

ಮೂರನೆಯದು ಆನ್‌ಲೈನ್. ಇದರಲ್ಲೂ ಎರಡು ಬಗೆ. ಕೊಳ್ಳುವವರನ್ನು, ಮಾರುವವರನ್ನು ಪರಿಚಯಿಸಿ ಸುಮ್ಮನಾಗುವ ಜಾಹೀರಾತು ತಾಣಗಳು ಒಂದು. ಇಲ್ಲಿ ನೀವು ಕೊಳ್ಳುವುದು ಅಪರಿಚಿತ ವ್ಯಕ್ತಿಯಿಂದ. "ಸೈನ್ಯದಲ್ಲಿದ್ದೇನೆ, ತುರ್ತಾಗಿ ವರ್ಗವಾಗಿದೆ, ಮುಂಗಡ ಕಳಿಸಿ, ಲಾರಿಯಲ್ಲಿ ಹಾಕಿಸುತ್ತೇನೆ" ಎಂದರೆ ದೂರದಿಂದಲೇ ಕೈ ಮುಗಿಯಿರಿ. ವಸ್ತು ನೋಡದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ನೀವು ಮಾರುವವರಾದರೆ ಇದನ್ನು ನೆನಪಿಡಿ: ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಯೇ ಇಲ್ಲ. ಒತ್ತಿ ಎಂದವರು ಮೋಸಗಾರರು. ಮೋಸ ಹೋದದ್ದು ಗೊತ್ತಾದ ತಕ್ಷಣ 1930ಕ್ಕೆ ಕರೆ ಮಾಡಬೇಕು.

ಇನ್ನೊಂದು ಬಗೆ 'ರಿಫರ್ಬಿಶ್ಡ್' ಅಂತ ಹಳೆಯದನ್ನು ದುರಸ್ತಿ ಮಾಡಿ ಮಾರುವ ತಾಣಗಳು. ಇಲ್ಲಿ ವಾರಂಟಿ ಕೊಡುವವರು ಯಾರು, ತಯಾರಕ ಕಂಪನಿಯೋ ಮಾರುವವರೋ, ಎಷ್ಟು ತಿಂಗಳು, ಮೆಕ್ಯಾನಿಕ್ ಮನೆಗೆ ಬರುತ್ತಾರೋ ಅಥವಾ ನಾವೇ ಹೊತ್ತೊಯ್ಯಬೇಕೋ ಎಂಬುದನ್ನು ಓದಿಕೊಂಡು ಮುಂದುವರಿಯಿರಿ. 'ರಿಟರ್ನ್' ಇದೆಯೋ ಬರೀ 'ರಿಪ್ಲೇಸ್‌ಮೆಂಟ್' ಇದೆಯೋ ಎಂಬುದನ್ನೂ ನೋಡಿ. ಮೊದಲನೆಯದರಲ್ಲಿ ಹಣ ವಾಪಸ್, ಎರಡನೆಯದರಲ್ಲಿ ಇನ್ನೊಂದು ಮಷಿನ್ ಮಾತ್ರ.

ಕಂಪನಿಯ ವಾರಂಟಿ ಉಳಿದಿದೆಯಾ?

"ಇನ್ನೂ ಎಂಟು ವರ್ಷ ವಾರಂಟಿ ಇದೆ ಮೇಡಂ" ಎಂಬ ಮಾತು ಹಳೆ ಮಷಿನ್ ಮಾರುವವರ ಬಾಯಲ್ಲಿ ಸದಾ ಇರುತ್ತದೆ. ಅದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಹಲವು ಕಂಪನಿಗಳು ಇಡೀ ಯಂತ್ರಕ್ಕೆ ಎರಡು ವರ್ಷ, ಮೋಟಾರ್‌ಗೆ ಹತ್ತು ವರ್ಷ ಎಂದು ವಾರಂಟಿ ಕೊಡುತ್ತವೆ. ಎಂಟು ವರ್ಷ ಉಳಿದಿರುವುದು ಈ ಮೋಟಾರ್‌ಗೆ. ಆದರೆ ಮನೆಗಳಲ್ಲಿ ಕೆಡುವುದು ಮೋಟಾರೊಂದೇ ಅಲ್ಲ. ಎಲೆಕ್ಟ್ರಾನಿಕ್ ಬೋರ್ಡ್, ನೀರು ಹೊರಹಾಕುವ ಪಂಪ್, ಡ್ರಮ್ಮಿನ ಬೇರಿಂಗ್, ಬಾಗಿಲಿನ ರಬ್ಬರ್ ಇವೂ ಕೈಕೊಡುತ್ತವೆ. ಮೋಟಾರ್ ಬದಲಾಯಿಸಿದರೂ ಮೆಕ್ಯಾನಿಕ್ ಬಂದುಹೋದ ಖರ್ಚು, ಕೂಲಿ ಸಾಮಾನ್ಯವಾಗಿ ನಮ್ಮದೇ.

ಎರಡನೆಯದಾಗಿ, ವಾರಂಟಿ ಲೆಕ್ಕ ಶುರುವಾಗುವುದು ನೀವು ಕೊಂಡ ದಿನದಿಂದಲ್ಲ, ಮೊದಲ ಮಾಲೀಕರು ಕೊಂಡ ದಿನದಿಂದ. ಅದಕ್ಕೆ ಸಾಕ್ಷಿ ಮೂಲ ಬಿಲ್. ಕೆಲವು ವಾರಂಟಿ ಕಾರ್ಡ್‌ಗಳಲ್ಲಿ "ಮೊದಲ ಖರೀದಿದಾರರಿಗೆ ಮಾತ್ರ" ಎಂಬ ಸಾಲು ಸಣ್ಣಕ್ಷರದಲ್ಲಿ ಇರುತ್ತದೆ. ಎಕ್ಸ್‌ಟೆಂಡೆಡ್ ವಾರಂಟಿ ಮಾಡಿಸಿದ್ದರೆ ಅದು ನಿಮ್ಮ ಹೆಸರಿಗೆ ಬದಲಾಗುತ್ತದೆಯೇ ಎಂದು ವಿಚಾರಿಸಬೇಕು. ಇಲಿ ವೈರ್ ಕಡಿದದ್ದು, ಸಾಗಿಸುವಾಗ ಆದ ಹಾನಿ, ಬೇರೆ ಮೆಕ್ಯಾನಿಕ್ ಬಿಚ್ಚಿದ್ದು ಇವಕ್ಕೆಲ್ಲ ವಾರಂಟಿ ಸಿಗುವುದು ವಿರಳ.

ಸುಲಭದ ಉಪಾಯವೊಂದಿದೆ. ಮಷಿನ್ನಿನ ಹಿಂಬದಿ ಅಥವಾ ಬಾಗಿಲ ಬಳಿ ಅಂಟಿಸಿರುವ ಸ್ಟಿಕ್ಕರಿನಲ್ಲಿ ಮಾಡೆಲ್ ಮತ್ತು ಸೀರಿಯಲ್ ನಂಬರ್ ಇರುತ್ತದೆ. ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದು, ಕಂಪನಿಯ ಗ್ರಾಹಕ ಸೇವಾ ಸಂಖ್ಯೆಗೆ ಕರೆ ಮಾಡಿ, "ಈ ಯಂತ್ರಕ್ಕೆ ಯಾವುದರ ವಾರಂಟಿ, ಎಲ್ಲಿಯವರೆಗೆ ಇದೆ? ಎರಡನೇ ಮಾಲೀಕರಿಗೂ ಸಿಗುತ್ತಾ? ಬಿಡಿಭಾಗ ಇನ್ನೂ ಸಿಗುತ್ತಾ?" ಎಂದು ಕೇಳಿ. ಹತ್ತು ನಿಮಿಷದ ಈ ಕೆಲಸವನ್ನು ಹಣ ಕೊಡುವ ಮೊದಲು ಮಾಡಿ.

ಓಡಿಸಿಯೇ ನೋಡಿ

"ಈಗ ನೀರಿಲ್ಲ, ಆದ್ರೆ ಕಂಡೀಷನ್ ಸೂಪರ್" ಎಂದರೆ ಒಪ್ಪಬೇಡಿ. ನೀರು ಬಂದಾಗ ಬರುತ್ತೇನೆ ಅನ್ನಿ. ಕೈಯಿಂದ ಡ್ರಮ್ ತಿರುಗಿಸಿ. ಗರಗರ ಸದ್ದು ಬಂದರೆ ಬೇರಿಂಗ್ ಸವೆದಿರಬಹುದು, ಅದು ದುಬಾರಿ ರಿಪೇರಿ. ನೀರು ತುಂಬಿಸಿ, ನಾಲ್ಕು ಬಟ್ಟೆ ಹಾಕಿ, ಹಿಂಡುವ ಹಂತದವರೆಗೂ ಓಡಿಸಿ. ಹಿಂಡುವಾಗ ಮಷಿನ್ ಕುಣಿದಾಡುತ್ತಾ? ಕೆಳಗೆ ನೀರು ಸೋರುತ್ತಾ? ಮುಂಬಾಗಿಲಿನದಾದರೆ ರಬ್ಬರಿನ ಮಡಿಕೆ ಬಿಡಿಸಿ, ಹರಿದಿದೆಯೋ ಬೂಷ್ಟು ಹಿಡಿದಿದೆಯೋ ನೋಡಿ. ಬಿಸಿನೀರಿನ ಸೌಲಭ್ಯವಿದ್ದರೆ ನೀರು ನಿಜವಾಗಿ ಕಾಯುತ್ತದೆಯೇ ಎಂದು ಪರೀಕ್ಷಿಸಿ. ಬೋರ್‌ವೆಲ್ ನೀರಿನ ಗಡಸು ಹೀಟರಿನ ಮೇಲೆ ಸುಣ್ಣದಂತೆ ಕೂರುತ್ತದೆ.

ಇದು ಬರೀ ಜಾಣತನದ ಮಾತಲ್ಲ, ಕಾನೂನಿನ ಮಾತೂ ಹೌದು. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ಕೊಳ್ಳುವವರು ವಸ್ತುವನ್ನು ಪರಿಶೀಲಿಸಿದ್ದರೆ, ಆ ಪರಿಶೀಲನೆಯಲ್ಲಿ ಕಣ್ಣಿಗೆ ಬೀಳಬೇಕಿದ್ದ ದೋಷಕ್ಕೆ ಆಮೇಲೆ ತಕರಾರು ತೆಗೆಯುವುದು ಕಷ್ಟ. ಅಂದರೆ ನೋಡಿದ ಹಾಗೆ ಮಾಡಿ ಬರುವುದಕ್ಕಿಂತ ನಿಜವಾಗಿ ನೋಡುವುದೇ ಒಳ್ಳೆಯದು.

ಮನೆಗೆ ತರುವಾಗಲೂ ಎಚ್ಚರ ಬೇಕು. ಮುಂಬಾಗಿಲಿನ ಮಷಿನ್ ಸಾಗಿಸುವಾಗ ಡ್ರಮ್ ಅಲುಗದಂತೆ ಹಿಂಬದಿಯಿಂದ ಹಾಕುವ ಬೋಲ್ಟ್‌ಗಳಿರುತ್ತವೆ. ಅವನ್ನು ಹಾಕಿಸಿ ತನ್ನಿ, ಓಡಿಸುವ ಮೊದಲು ಮರೆಯದೆ ತೆಗೆಸಿ.

ಚೀಟಿಯಲ್ಲಿ ಏನು ಬರೆಸಬೇಕು?

ಗ್ರಾಹಕ ಕಾಯ್ದೆಯಲ್ಲಿ 'ದೋಷ' ಎಂದರೆ ಏನೆಂಬುದಕ್ಕೆ ಅರ್ಥ ಕೊಟ್ಟಿದ್ದಾರೆ. ಕಾನೂನಿನ ಪ್ರಕಾರ, ಒಪ್ಪಂದದ ಪ್ರಕಾರ ಅಥವಾ ವ್ಯಾಪಾರಿ ಹೇಳಿಕೊಂಡ ಪ್ರಕಾರ ಇರಬೇಕಾದ ಗುಣಮಟ್ಟ ಇಲ್ಲದಿದ್ದರೆ ಅದು ದೋಷ. ಹೊಸ ಮಷಿನ್ನಿಗೆ ಕಂಪನಿಯ ಪುಸ್ತಕವೇ ಇದೆ. ಹಳೆಯದಕ್ಕೆ ಅಂಗಡಿಯವರು ಏನು ಹೇಳಿದರು ಎಂಬುದೇ ಅಳತೆಗೋಲು. ಆ ಮಾತು ಕಾಗದದ ಮೇಲೆ ಇಲ್ಲದಿದ್ದರೆ ಯಾವುದರಿಂದ ಅಳೆಯುವುದು?

ಆದ್ದರಿಂದ ಬಿಲ್ಲಿನಲ್ಲೇ ಹೀಗೆ ಬರೆಸಿ: ಕಂಪನಿ, ಮಾಡೆಲ್, ಸೀರಿಯಲ್ ನಂಬರ್, "ಹಳೆಯದು" ಎಂಬ ಪದ, ಎಷ್ಟು ವರ್ಷದ್ದು, ಕೊಟ್ಟ ಹಣ, ತಾರೀಖು. ಅದರ ಕೆಳಗೆ, "ಮೂರು ತಿಂಗಳೊಳಗೆ ಮೋಟಾರ್, ಬೋರ್ಡ್, ಪಂಪ್ ಇವುಗಳಲ್ಲಿ ಯಾವುದು ಕೆಟ್ಟರೂ ಉಚಿತ ರಿಪೇರಿ, ಆಗದಿದ್ದರೆ ಹಣ ವಾಪಸ್" ಎಂಬಂಥ ಒಂದು ಸಾಲು, ಸಹಿ, ಅಂಗಡಿಯ ಮೊಹರು. ಮೂರು ತಿಂಗಳಿಗೆ ಒಪ್ಪದಿದ್ದರೆ ಒಂದು ತಿಂಗಳಿಗಾದರೂ ಬರೆಯಲಿ. ಒಂದು ತಿಂಗಳಿಗೂ ಬರೆಯಲು ಹಿಂಜರಿದರೆ ಅವರಿಗೇ ತಮ್ಮ ಮಾಲಿನ ಮೇಲೆ ನಂಬಿಕೆ ಇಲ್ಲ ಎಂದಾಯಿತು. ಹಣವನ್ನು ಆದಷ್ಟೂ ಯುಪಿಐ ಅಥವಾ ಬ್ಯಾಂಕಿನ ಮೂಲಕ ಕೊಟ್ಟರೆ ಅದೂ ಒಂದು ಸಾಕ್ಷಿ. ಪರಿಚಯದವರಾದರೆ ವಾಟ್ಸಾಪ್‌ನಲ್ಲಿ, "ನೀವು ಹೇಳಿದ ಹಾಗೆ ನಾಲ್ಕು ವರ್ಷದ ಮಷಿನ್, ರಿಪೇರಿ ಆಗಿಲ್ಲ, ಅಲ್ವಾ?" ಎಂದು ಕೇಳಿ "ಹೌದು" ಎಂಬ ಉತ್ತರವನ್ನು ಉಳಿಸಿಕೊಳ್ಳಿ. ಸ್ನೇಹವೂ ಉಳಿಯುತ್ತದೆ, ಮಾತೂ ಉಳಿಯುತ್ತದೆ.

"ಮಾರಿದ ಮಾಲು ವಾಪಸ್ ಇಲ್ಲ"

ಈ ಬೋರ್ಡ್ ನೋಡಿ ಎಷ್ಟೋ ಜನ ಬಾಗಿಲಲ್ಲೇ ಹಿಂದೆ ಸರಿಯುತ್ತಾರೆ. ಬೋರ್ಡೇ ಕಾನೂನಲ್ಲ. ಬಣ್ಣ ಹಿಡಿಸಲಿಲ್ಲ, ಬಚ್ಚಲಮನೆಯಲ್ಲಿ ಹಿಡಿಯಲಿಲ್ಲ ಎಂದರೆ ವಾಪಸ್ ಪಡೆಯಲೇಬೇಕೆಂಬ ನಿಯಮವಿಲ್ಲ, ನಿಜ. ಆದರೆ ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿರದಿದ್ದರೆ ಮೂವತ್ತು ದಿನದೊಳಗೆ ವಾಪಸ್ ತೆಗೆದುಕೊಂಡು ಹಣ ಹಿಂದಿರುಗಿಸಲು ನಿರಾಕರಿಸಿದರೆ ಅದೂ ಅನುಚಿತ ವ್ಯಾಪಾರವೇ.

ಮಷಿನ್ ಕೆಟ್ಟ ದಿನವೇ ವೀಡಿಯೊ ತೆಗೆದು ಅಂಗಡಿಗೆ ಬರಹದಲ್ಲಿ ತಿಳಿಸಿ. "ನಾಳೆ ಹುಡುಗನ್ನ ಕಳಿಸ್ತೀನಿ" ಎಂದು ಗ್ಯಾರಂಟಿ ಅವಧಿ ಮುಗಿಯುವವರೆಗೆ ತಳ್ಳುವುದು ಹಳೆಯ ಆಟ. ಅಷ್ಟರಲ್ಲಿ ಬೇರೆ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಬೇಡಿ. ಆನ್‌ಲೈನ್ ಆದರೆ ಡಬ್ಬ ಬಿಚ್ಚುವಾಗಲೇ ವೀಡಿಯೊ ಮಾಡಿ, ಪ್ಯಾಕಿಂಗ್ ಎಸೆಯಬೇಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ತಾಣದ ದೂರು ಅಧಿಕಾರಿ ನಿಮ್ಮ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ಆಗಲೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಇದು ನ್ಯಾಯಾಲಯವಲ್ಲ, ಇಬ್ಬರ ನಡುವೆ ನಿಂತು ಬಗೆಹರಿಸುವ ಪ್ರಯತ್ನ. ಎಷ್ಟೋ ದೂರುಗಳು ಇಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೂ ಸಲ್ಲಿಸಬಹುದು. ಎರಡು ವರ್ಷದೊಳಗೆ ಕೊಡಬೇಕು, ಅಷ್ಟೇ. ಆದರೆ ಸಹಾಯವಾಣಿಯವರಿಂದ ಹಿಡಿದು ಆಯೋಗದವರೆಗೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: "ಬಿಲ್ ಇದೆಯಾ?"

"ಹೋಗ್ಲಿ ಬಿಡು, ಯಾರು ಅಲೀತಾರೆ" ಎಂಬ ಮಾತು ನಮ್ಮ ಮನೆಗಳಲ್ಲಿ ತೀರಾ ಸಾಮಾನ್ಯ. ಹೋಗಲಿ ಎಂದು ಬಿಡುವ ಆ ಹಣ ಯಾರದ್ದೋ ಟೈಲರಿಂಗ್‌ದು, ಯಾರದ್ದೋ ಟ್ಯೂಷನ್ನಿನದು, ಯಾರದ್ದೋ ಸಾಸಿವೆ ಡಬ್ಬಿಯದು. ಅದನ್ನು ಗಳಿಸಲು, ಉಳಿಸಲು ಪಟ್ಟ ಕಷ್ಟದ ಮುಂದೆ ಒಂದು ಚೀಟಿ ಕೇಳುವ ಸಂಕೋಚ ಎಷ್ಟರದ್ದು? ಅಗ್ಗಕ್ಕೆ ಆಸೆಪಟ್ಟು ಮುಗ್ಗಲು ಜೋಳ ಕೊಂಡರು ಎಂದು ನಾಳೆ ಯಾರೂ ಆಡಿಕೊಳ್ಳಬಾರದು ಎಂದಿದ್ದರೆ, ಇವತ್ತು ನಗುನಗುತ್ತಲೇ ಕೇಳಿ: "ಮಷಿನ್ ಚೆನ್ನಾಗಿದೆ, ತಗೋತೀನಿ. ಇಷ್ಟನ್ನೂ ಒಂದು ಸಲ ಬರೆದುಕೊಟ್ಟುಬಿಡಿ."