ಪಂಪ್‌ಹೌಸಿನ ವೈರಿಂಗು: ಹಳೆಯ ಲೆಕ್ಕ ಸಾಲದು

ನಮ್ಮ ಸದಸ್ಯರಲ್ಲಿ ಹಲವರ ಪಂಪ್‌ಹೌಸಿನ ವೈರಿಂಗು 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳ ಕಾಲದ್ದು. ಆ ನಿಯಮಗಳ ಜಾಗಕ್ಕೆ 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿ ಬಂದಿತು. 2023ರಲ್ಲಿ ಅದಕ್ಕೂ ಬದಲಿ ಬಂದಿತು. ವೈರಿಂಗಿನ ಭಾರತೀಯ ಮಾನಕ ಐಎಸ್ 732 ಸಹ 2019ರಲ್ಲಿ ಪರಿಷ್ಕೃತವಾಗಿದೆ. ತೋಟದ ಮೂಲೆಯ ಶೆಡ್ಡಿನಲ್ಲಿ ಮಾತ್ರ ಏನೂ ಬದಲಾಗಿಲ್ಲ.

“ಎಂಸಿಬಿ ಇದೆ, ಅರ್ತಿಂಗೂ ಇದೆ” ಎನ್ನುವವರ ಮುಂದೆ ಒಂದು ಸಣ್ಣ ಲೆಕ್ಕ ಇಡಬಯಸುತ್ತೇವೆ. ಕಾರವಾರ, ಅಂಕೋಲೆಯ ಚಿರೇಕಲ್ಲು ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ತಿಂಗು ದುರ್ಬಲವಾಗುತ್ತದೆ. ಸಮುದ್ರದ ಉಪ್ಪುಗಾಳಿ ಪೈಪು, ಕ್ಲಾಂಪುಗಳನ್ನು ತಿನ್ನುತ್ತದೆ. ಅದರ ರೋಧ 20 ಓಮ್ ಎಂದಿಟ್ಟುಕೊಳ್ಳಿ. ಬಾವಿಯ ಸಿಂಗಲ್ ಫೇಸ್ ಪಂಪಿನ ಮೈಗೆ 230 ವೋಲ್ಟಿನ ಫೇಸ್ ತಂತಿ ತಗಲಿದರೆ ನೆಲಕ್ಕೆ ಹರಿಯುವುದು ಹೆಚ್ಚೆಂದರೆ 11.5 ಆಂಪಿಯರ್. 16 ಆಂಪಿಯರಿನ ಎಂಸಿಬಿ ಬೀಳುವುದೇ ಇಲ್ಲ. ಪಂಪಿನ ಮೈಯಲ್ಲಿ ಕರೆಂಟು ಹಾಗೆಯೇ ಉಳಿಯುತ್ತದೆ. ಮನುಷ್ಯನ ಎದೆಬಡಿತ ಕೆಡಿಸಲು ಒಂದು ಆಂಪಿಯರಿನ ಹತ್ತನೆಯ ಒಂದು ಪಾಲು ಸಾಕು. ಎಂಸಿಬಿ ಇರುವುದು ತಂತಿಯ ರಕ್ಷಣೆಗೆ. ಮುಟ್ಟಿದವನ ರಕ್ಷಣೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕು.

ಅದು ಪದೇ ಪದೇ ಬೀಳುತ್ತದೆಂದು ತೆಗೆಸಿದವರೂ ಇದ್ದಾರೆ! ನ್ಯೂಟ್ರಲ್ ಬದಲು ಅರ್ತಿನಿಂದ ತಂತಿ ಎಳೆದು ದೀಪ ಉರಿಸಿದರೆ ಅದು ಬೀಳಲೇಬೇಕು. ಕೇಬಲಿನ ಜೋಡಣೆಗೆ ನೀರಿಳಿದರೂ ಬೀಳುತ್ತದೆ. 2019ರ ಆಗಸ್ಟ್ ಮತ್ತು 2021ರ ಜುಲೈ ನೆರೆಯಲ್ಲಿ ಗಂಗಾವಳಿ, ಕಾಳಿ ದಂಡೆಯಲ್ಲಿ ಮುಳುಗಿದ ಸ್ಟಾರ್ಟರು, ಕೇಬಲುಗಳನ್ನು ಒಣಗಿಸಿ ಮತ್ತೆ ಜೋಡಿಸಿಕೊಂಡವರು ಮೆಗ್ಗರ್ ಹಿಡಿಸಿ ಇನ್ಸುಲೇಶನ್ ಪರೀಕ್ಷಿಸದೆ ಬಿಡಬಾರದು.

ಲೈಸೆನ್ಸ್ ಇರುವ ಗುತ್ತಿಗೆದಾರನೇ, ಪರ್ಮಿಟ್ ಪಡೆದ ಮೇಲ್ವಿಚಾರಕನ ಕಣ್ಣೆದುರೇ ಕೆಲಸವಾಗಬೇಕೆಂಬುದು 1956ರಿಂದಲೂ ಇರುವ ನಿಯಮ. ನಡೆಯುವುದು ಬೇರೆ. ಊರಿನ ಹುಡುಗ ವೈರಿಂಗು ಮಾಡುತ್ತಾನೆ, ಗುತ್ತಿಗೆದಾರ ಸ್ಥಳ ನೋಡದೆ ವರದಿಗೆ ಸಹಿ ಹಾಕುತ್ತಾನೆ. ಹುಡುಗನನ್ನು ನಾವು ದೂರುವುದಿಲ್ಲ. ಮಳೆಯ ರಾತ್ರಿ ಕರೆದರೆ ಬರುವವನು ಅವನೇ. ಆದರೆ ಅವನ ಚೀಲದಲ್ಲಿ ಟೆಸ್ಟರು, ಕಟಿಂಗ್ ಪ್ಲೇಯರು ಇರುತ್ತವೆಯೇ ಹೊರತು ಅರ್ತ್ ರೋಧ ಅಳೆಯುವ ಮೀಟರು ಇರುವುದಿಲ್ಲ. ಇತ್ತ ಒಂದೆರಡು ಎಕರೆಯವರ ಒಂದು ಪಂಪಿಗಾಗಿ ಪೇಟೆಯ ಗುತ್ತಿಗೆದಾರ ಬರಲೊಲ್ಲ.

ಇಲ್ಲಿ ಸಂಘ ಕೈಹಾಕಬೇಕೆಂಬುದು ನಮ್ಮ ಅಭಿಪ್ರಾಯ. ಅರ್ತ್ ಮೀಟರು, ಮೆಗ್ಗರ್ ಎರಡನ್ನೂ ಸಂಘವೇ ಕೊಳ್ಳಲಿ. ಮಳೆಗಾಲಕ್ಕೆ ಮೊದಲು ಊರಿಗೊಂದು ದಿನ ಗೊತ್ತುಮಾಡಿ ಗುತ್ತಿಗೆದಾರನನ್ನು ಕರೆಸಿದರೆ ಖರ್ಚು ಹಂಚಿಹೋಗುತ್ತದೆ. ಪಂಪುಸೆಟ್ ಸಾಲದ ಅರ್ಜಿಗೆ ಅಳತೆಯ ಅಂಕಿಗಳಿರುವ ಪರೀಕ್ಷಾ ವರದಿಯನ್ನು ಕಡ್ಡಾಯ ಮಾಡಬೇಕೆಂದೂ ನಾವು ಸೂಚಿಸುತ್ತೇವೆ. ಇದು ಹಲವರಿಗೆ ರುಚಿಸದೆಂದು ಬಲ್ಲೆವು. ವಾರ್ಷಿಕ ಸಭೆಯಲ್ಲಿ ಚರ್ಚೆಯಾಗಲಿ.